ಕಾರಿನ ಅಡಿಗೆ ವೆಲ್ಡಿಂಗ್: ಎಲ್ಲಿ ಬಲ, ಎಲ್ಲಿ ಬರೀ ತೇಪೆ?

ಮಳೆಗಾಲ ಮುಗಿದು ಬಿಸಿಲು ಕಾಣಿಸಿಕೊಳ್ಳುವ ಹೊತ್ತಿಗೆ ನಮ್ಮ ಕರಾವಳಿಯ ಟಿಂಕರಿಂಗ್ ಗ್ಯಾರೇಜುಗಳ ಮುಂದೆ ಹಳೇ ಗಾಡಿಗಳ ಸಾಲು ಉದ್ದವಾಗುತ್ತದೆ. ಫ್ಲೋರ್ ತೂತಾದ ಓಮ್ನಿ, ರನ್ನಿಂಗ್ ಬೋರ್ಡ್ ಉದುರುತ್ತಿರುವ ಮಾರುತಿ 800, ದಕ್ಕೆಯಿಂದ ಮೀನು ಹೊತ್ತು ಹೊತ್ತು ಅಡಿ ತಿಂದು ಹೋದ ಪಿಕಪ್. ಇವುಗಳ ನಡುವೆ ಈಗ ಇನ್ನೊಂದು ಬಗೆಯ ಗಿರಾಕಿಗಳೂ ಇದ್ದಾರೆ. ರಜೆಯಲ್ಲಿ ಊರಿಗೆ ಬಂದ ಹುಡುಗರು ಮೊಬೈಲಿನಲ್ಲಿ ವಿಡಿಯೋ ತೋರಿಸಿ, "ಅಡಿಗೆ ಹೀಗೊಂದು ಪೈಪ್ ಕೊಟ್ಟು ಚಾಸಿ ಗಟ್ಟಿ ಮಾಡಿ ಕೊಡಿ" ಅಂತ ಕೇಳುತ್ತಾರೆ. ಒಬ್ಬರದ್ದು ತುಕ್ಕಿನ ಸಂಕಟ, ಇನ್ನೊಬ್ಬರದ್ದು ವೇಗದ ಹುಚ್ಚು. ಎರಡಕ್ಕೂ ಗ್ಯಾರೇಜಿನಲ್ಲಿ ಸಿಗುವುದು ಅದೇ ವೆಲ್ಡಿಂಗ್ ಕಿಡಿ.

ಮದ್ರಸದಲ್ಲಿ ಪಾಠ ಹೇಳುವವರಿಗೆ ಈ ವಿಷಯ ಯಾಕೆ ಅಂತ ಕೆಲವರು ಕೇಳಬಹುದು. ನಮ್ಮ ಮಕ್ಕಳು ಮದ್ರಸಕ್ಕೂ ಶಾಲೆಗೂ ಬರುವುದು ಇಂಥದೇ ಹಳೇ ವ್ಯಾನುಗಳಲ್ಲಿ. ಮದುವೆಗೆ, ಆಸ್ಪತ್ರೆಗೆ, ಏರ್‌ಪೋರ್ಟಿಗೆ ಮನೆಮಂದಿ ಎಲ್ಲ ತುಂಬಿಕೊಂಡು ಹೋಗುವುದೂ ಸೆಕೆಂಡ್ ಹ್ಯಾಂಡ್ ತೆಗೆದ ಕಾರಿನಲ್ಲೇ. ಎಂಜಿನ್ ಹೇಗುಂಟು, ಎಸಿ ತಂಪಾಗ್ತದಾ, ಮೈಲೇಜ್ ಎಷ್ಟು ಅಂತ ಎಲ್ಲರೂ ವಿಚಾರಿಸುತ್ತಾರೆ. ಬಗ್ಗಿ ಅಡಿಗೆ ನೋಡುವವರು ಕಡಿಮೆ. ಹಾಗಾಗಿ ನಾವು ಈ ಕೆಲಸ ಬಲ್ಲವರ ಹತ್ತಿರ ಕೂತು, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾರಿಗೆ ಚಾಸಿ ಎಲ್ಲಿ ಉಂಟು?

ಲಾರಿಯ ಚಾಸಿ ಎಲ್ಲರಿಗೂ ಗೊತ್ತು. ಎರಡು ಉದ್ದದ ಕಬ್ಬಿಣದ ತೊಲೆ, ನಡುವೆ ಅಡ್ಡಪಟ್ಟಿಗಳು, ನೋಡಲು ಏಣಿಯ ಹಾಗೆ. ಎಂಜಿನ್, ಗೇರ್‌ಬಾಕ್ಸ್, ಚಕ್ರ ಎಲ್ಲ ಅದಕ್ಕೆ ಕಟ್ಟಿ, ಮೇಲೆ ಬಾಡಿ ಕೂರಿಸುತ್ತಾರೆ. ಹಳೇ ಮಹೀಂದ್ರ ಜೀಪು, ಬೊಲೆರೊ, ಸುಮೊ, ನಮ್ಮವರು ಗಲ್ಫಿನಲ್ಲಿ ಓಡಿಸುವ ಲ್ಯಾಂಡ್ ಕ್ರೂಸರ್ ಎಲ್ಲವೂ ಇದೇ ಜಾತಿ. ಇವುಗಳಲ್ಲಿ ಬಾಡಿ ತುಕ್ಕು ಹಿಡಿದು ಹೋದರೂ ಅಡಿಯ ಏಣಿ ಗಟ್ಟಿ ಇದ್ದರೆ ಗಾಡಿ ನಿಲ್ಲುತ್ತದೆ.

ಸಾಧಾರಣ ಕಾರಿಗೆ ಇಂಥ ಏಣಿಯೇ ಇಲ್ಲ. ಫ್ಲೋರ್, ಬಾಗಿಲಿನ ಅಡಿಯ ರನ್ನಿಂಗ್ ಬೋರ್ಡ್, ಕಂಬಗಳು, ಮೇಲಿನ ಮಾಡು, ಎಲ್ಲವನ್ನೂ ತೆಳು ತಗಡಿನಲ್ಲಿ ಒತ್ತಿ, ಸಾವಿರಾರು ಚುಕ್ಕಿ ವೆಲ್ಡಿಂಗ್ ಹಾಕಿ ಒಂದು ಪೆಟ್ಟಿಗೆ ಮಾಡಿರುತ್ತಾರೆ. ಆ ಪೆಟ್ಟಿಗೆಯೇ ಚಾಸಿ. ಇದಕ್ಕೆ ಮೊನೊಕಾಕ್ ಅನ್ನುತ್ತಾರೆ. ಇಟಲಿಯ ಲ್ಯಾನ್ಸಿಯಾ ಲ್ಯಾಂಬ್ಡಾ 1922ರಲ್ಲಿ ಈ ದಾರಿಗೆ ಬಂತು, ಫ್ರಾನ್ಸಿನ ಸಿಟ್ರೊಯೆನ್ 1934ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು. ಎಮ್ಮೆಯ ಹಾಗೆ ಗಟ್ಟಿ ಅಂತ ನಾವೆಲ್ಲ ಹೇಳುತ್ತಿದ್ದ ಅಂಬಾಸಿಡರ್ ಕೂಡ ಮೊನೊಕಾಕ್ ಅಂದರೆ ಹಲವರು ನಂಬುವುದಿಲ್ಲ, ಆದರೆ ಅದು ನಿಜ. 1983ರ ಕೊನೆಗೆ ಬಂದ ಮಾರುತಿ 800, ಮರುವರ್ಷ ಬಂದ ಓಮ್ನಿ ವ್ಯಾನು, ಇವತ್ತಿನ ಸ್ವಿಫ್ಟು, ಐ20, ಎಲ್ಲವೂ ಹೀಗೇ.

ತೆಳು ತಗಡಿನ ಪೆಟ್ಟಿಗೆಗೆ ಬಲ ಎಲ್ಲಿಂದ ಬಂತು? ಮನೆಯಲ್ಲಿ ಸ್ವೀಟ್ ಬಾಕ್ಸ್ ಇದ್ದರೆ ಮುಚ್ಚಳ ತೆಗೆದು ಎರಡೂ ತುದಿ ಹಿಡಿದು ತಿರುಚಿ ನೋಡಿ, ಸುಲಭದಲ್ಲಿ ತಿರುಚುತ್ತದೆ. ಮುಚ್ಚಳ ಹಾಕಿ ಸುತ್ತ ಟೇಪ್ ಅಂಟಿಸಿ ಪುನಃ ತಿರುಚಿ, ಅದೇ ರಟ್ಟು ಈಗ ಜಗ್ಗುವುದಿಲ್ಲ. ರಟ್ಟಿನ ದಪ್ಪ ಬದಲಾಗಲಿಲ್ಲ, ಪೆಟ್ಟಿಗೆ ಮುಚ್ಚಿಕೊಂಡಿತು ಅಷ್ಟೇ. ಪೈಪಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 50 ಮಿಲಿಮೀಟರ್ ಅಗಲದ, 2 ಮಿಲಿಮೀಟರ್ ದಪ್ಪದ ಕಬ್ಬಿಣದ ಪೈಪನ್ನು ಉದ್ದಕ್ಕೆ ಒಂದೇ ಒಂದು ಗೆರೆ ಸೀಳಿದರೆ, ತಿರುಚುವ ಬಲಕ್ಕೆ ಅದು ಕೊಡುವ ಪ್ರತಿರೋಧ 400 ಪಟ್ಟಿಗೂ ಹೆಚ್ಚು ಕುಸಿಯುತ್ತದೆ. ಲೋಹ ಒಂದು ಗ್ರಾಮಿನಷ್ಟೂ ಹೋಗಿಲ್ಲ, ಜೋಡಣೆ ಮಾತ್ರ ಹೋಯಿತು. ಈ ಲೆಕ್ಕವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ತುಕ್ಕಿನ ವಿಷಯ ಬಂದಾಗ ಬೇಕಾಗುತ್ತದೆ.

ಅಮೆರಿಕದ ಪೈಪು

ಹುಡುಗರು ವಿಡಿಯೋದಲ್ಲಿ ನೋಡುವ ಆ ಪೈಪಿನ ಕತೆ ಶುರುವಾಗುವುದು ಅಮೆರಿಕದಲ್ಲಿ. ಅಲ್ಲಿ ಶೆವರ್ಲೆ ಕಂಪನಿ 1967ರ ಮಾದರಿಯಾಗಿ ಕಮಾರೊ ಎಂಬ ಕಾರು ತಂದಿತು. ಅದರ ಮುಂದಿನ ಅರ್ಧಕ್ಕೆ ಎಂಜಿನ್ ಮತ್ತು ಮುಂದಿನ ಚಕ್ರಗಳನ್ನು ಹೊರುವ ಬೇರೆಯದೇ ಒಂದು ಗಟ್ಟಿ ಚೌಕಟ್ಟು ಇತ್ತು. ಇದಕ್ಕೆ ಸಬ್‌ಫ್ರೇಮ್ ಅನ್ನುತ್ತಾರೆ. ಅದನ್ನು ಬಾಡಿಗೆ ಬೋಲ್ಟ್ ಹಾಕಿ, ನಡುವೆ ರಬ್ಬರ್ ಇಟ್ಟು ಕೂರಿಸಿದ್ದರು. ಹಿಂದಿನ ಸ್ಪ್ರಿಂಗ್ ಕೂರುವ ಜಾಗಕ್ಕೆ ಫ್ಲೋರಿನ ಅಡಿಯಲ್ಲೇ ಬೆಸೆದ ತೊಲೆಗಳಿದ್ದವು. ಮುಂದೆಯೂ ಗಟ್ಟಿ, ಹಿಂದೆಯೂ ಗಟ್ಟಿ. ಇವೆರಡರ ನಡುವೆ, ಅಂದರೆ ನಾವು ಕೂರುವ ಜಾಗದ ಅಡಿಯಲ್ಲಿ, ಉಳಿದದ್ದು ಫ್ಲೋರಿನ ತಗಡು ಮತ್ತು ರನ್ನಿಂಗ್ ಬೋರ್ಡ್ ಮಾತ್ರ. ದೊಡ್ಡ ಎಂಜಿನ್ ಹಾಕಿ ಜೋರಾಗಿ ಎಳೆದಾಗ ಕಾರು ನಡುವಿನಲ್ಲಿ ತಿರುಚುತ್ತಿತ್ತು. 1979ರಿಂದ 1993ರ ತನಕ ಬಂದ ಫೋರ್ಡ್ ಮಸ್ಟಾಂಗಿಗೂ ಇದೇ ಕಾಯಿಲೆ. ಅದರ ಮುಂದಿನ ತೊಲೆಗಳು ಸೀಟಿನ ಹತ್ತಿರ ಬಂದು ನಿಂತುಬಿಡುತ್ತವೆ, ಹಿಂದಿನವು ಸ್ವಲ್ಪ ಆಚೆಯಿಂದ ಶುರುವಾಗುತ್ತವೆ.

ಮದ್ದು ಸರಳ. ಮುಂದಿನ ತೊಲೆಯಿಂದ ಹಿಂದಿನ ತೊಲೆಗೆ ಎರಡೂ ಬದಿಯಲ್ಲಿ ಒಂದೊಂದು ಚೌಕ ಪೈಪ್ ಕೊಟ್ಟು ಬೆಸೆಯುವುದು. ಸಬ್‌ಫ್ರೇಮ್ ಕನೆಕ್ಟರ್ ಅಂತ ಅದರ ಹೆಸರು. ಬೋಲ್ಟ್ ಹಾಕುವ ಬಗೆಯೂ ಸಿಗುತ್ತದೆ, ಆದರೆ ಬೋಲ್ಟಿನ ತೂತು ದಿನ ಹೋದ ಹಾಗೆ ಸಡಿಲವಾಗುತ್ತದೆ. ಅದಕ್ಕೆ ಬಲ್ಲವರು ವೆಲ್ಡಿಂಗನ್ನೇ ಆರಿಸುತ್ತಾರೆ. ಈ ಕೆಲಸದಲ್ಲಿ ಒಂದು ಸೂಕ್ಷ್ಮ ಉಂಟು. ಕಾರನ್ನು ನಡುವಿಗೆ ಜಾಕ್ ಕೊಟ್ಟು ಎತ್ತಿ ಬೆಸೆಯಬಾರದು. ಹಾಗೆ ಎತ್ತಿದಾಗ ಎರಡೂ ತುದಿ ಜೋತಾಡುತ್ತವೆ, ಆ ಸೊಟ್ಟನ್ನೇ ಪೈಪು ಖಾಯಂ ಮಾಡಿಬಿಡುತ್ತದೆ. ಭಾರ ನಾಲ್ಕೂ ಚಕ್ರದ ಮೇಲೆಯೇ ಇರುವ ಹಾಗೆ ಲಿಫ್ಟಿನ ಮೇಲೆ ನಿಲ್ಲಿಸಿ, ಬಾಗಿಲು ಸರಿಯಾಗಿ ಬೀಳುತ್ತದಾ ಅಂತ ಹಾಕಿ ತೆಗೆದು ನೋಡಿ, ಆಮೇಲೆ ಬೆಸೆಯಬೇಕು.

ಬಾಗಿಲಿನ ಈ ಪರೀಕ್ಷೆ ನಮ್ಮ ಮನೆಯ ಕಾರಿಗೂ ಆಗುತ್ತದೆ. ಸಮತಟ್ಟು ಜಾಗದಲ್ಲಿ ಬಾಗಿಲು ಹಗುರವಾಗಿ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಚಕ್ರ ಗುಂಡಿಗೆ ಇಳಿದು, ಇನ್ನೊಂದು ದಿಬ್ಬ ಹತ್ತಿ ನಿಂತಾಗ ಅದೇ ಬಾಗಿಲು ಕಚ್ಚಿಕೊಂಡರೆ ಅಥವಾ ಚಿಲಕ ತಾಗಿದರೆ ಬಾಡಿ ತಿರುಚುತ್ತಿದೆ ಅಂತ ಅರ್ಥ. ಸ್ವಲ್ಪ ತಿರುಚುವುದು ಎಲ್ಲ ಕಾರಿಗೂ ಇದ್ದದ್ದೇ. ಮೊದಲು ಇಲ್ಲದ್ದು ಈಗ ಕಾಣಿಸಿದರೆ ಮಾತ್ರ ಅಡಿಗೆ ಬಗ್ಗಬೇಕು.

ಇಲ್ಲಿ ನಮ್ಮ ಭಾಷೆಯೇ ಒಂದು ಗೊಂದಲ ಮಾಡುತ್ತದೆ. 'ಗಟ್ಟಿ' ಅಂತ ನಾವು ಎರಡು ಬೇರೆ ಗುಣಗಳಿಗೆ ಒಂದೇ ಮಾತು ಬಳಸುತ್ತೇವೆ. ಒಂದು, ಭಾರ ಬಿದ್ದಾಗ ಬಾಗದೆ ನಿಲ್ಲುವುದು. ಇನ್ನೊಂದು, ಮುರಿಯದೆ ತಾಳುವುದು. ಬೆತ್ತ ಬಾಗುತ್ತದೆ, ಮುರಿಯುವುದಿಲ್ಲ. ಗಾಜು ಬಾಗುವುದೇ ಇಲ್ಲ, ಆದರೆ ಒಡೆಯುತ್ತದೆ. ಕನೆಕ್ಟರ್ ಪೈಪು ಕೊಡುವುದು ಮೊದಲನೆಯ ಗುಣ. ಬಾಡಿ ಬಾಗದೆ ನಿಂತರೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ತಮ್ಮ ಕೆಲಸ ಸರಿಯಾಗಿ ಮಾಡುತ್ತವೆ, ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ, ಕಿರಕಿರ ಸದ್ದು ಕಡಿಮೆಯಾಗುತ್ತದೆ. ಅಪಘಾತದಲ್ಲಿ ಕಾಪಾಡುತ್ತದೆ ಅನ್ನುವುದು ಬೇರೆಯೇ ಮಾತು, ಅದಕ್ಕೆ ಮುಂದೆ ಬರುತ್ತೇವೆ.

ಬೆಲೆ ಬಾಳುವ ಕಾರಿನ ಬಿರುಕು

ಇದೆಲ್ಲ ಹಳೇ ಕಾರಿನ ಕತೆ ಅಂತ ತಿಳಿಯಬೇಡಿ. ಜರ್ಮನಿಯ ಬಿಎಂಡಬ್ಲ್ಯೂ ಕಂಪನಿಯ 3 ಸೀರೀಸ್ ಕಾರಿನಲ್ಲಿ, 1998ರಿಂದ ಮುಂದಿನ ಕೆಲವು ವರ್ಷ ತಯಾರಾದ ಇ46 ಎಂಬ ಮಾದರಿಯಲ್ಲಿ ಇಂಥದೇ ಒಂದು ದೋಷ ಜಗತ್ತಿನ ಎಲ್ಲ ಕಡೆ ಕಾಣಿಸಿಕೊಂಡಿತು. ಹಿಂದಿನ ಚಕ್ರಗಳು ಮತ್ತು ಡಿಫರೆನ್ಷಿಯಲ್ ಎಲ್ಲ ಕೂತಿರುವುದು ಒಂದು ಸಬ್‌ಫ್ರೇಮಿನ ಮೇಲೆ. ಆ ಸಬ್‌ಫ್ರೇಮ್ ಡಿಕ್ಕಿಯ ಅಡಿಯ ತಗಡಿಗೆ ನಾಲ್ಕು ಕಡೆ ಬೋಲ್ಟ್ ಆಗಿರುತ್ತದೆ. ಆಕ್ಸಿಲೇಟರ್ ಒತ್ತಿದಾಗ ಒಂದು ಕಡೆಗೆ ಎಳೆತ, ಬಿಟ್ಟಾಗ ಇನ್ನೊಂದು ಕಡೆಗೆ. ತಂತಿಯನ್ನು ಆಚೆ ಈಚೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುವ ಹಾಗೆ, ಲಕ್ಷಾಂತರ ಸಲ ಹೀಗಾದಾಗ ಬೋಲ್ಟಿನ ಸುತ್ತಲಿನ ತಗಡು ಬಿರುಕು ಬಿಟ್ಟಿತು, ಚುಕ್ಕಿ ವೆಲ್ಡಿಂಗುಗಳು ಬಿಟ್ಟುಕೊಂಡವು. ಗೇರ್ ಹಾಕಿ ಹೊರಟಾಗ ಹಿಂದಿನಿಂದ 'ಟಕ್' ಅನ್ನುವ ಸದ್ದು ಅದರ ಗುರುತು. ಅಮೆರಿಕದಲ್ಲಿ ಮಾಲೀಕರು ಕೋರ್ಟಿಗೂ ಹೋದರು.

ರಿಪೇರಿಯ ಕ್ರಮ ನೋಡಿ. ಸಬ್‌ಫ್ರೇಮನ್ನು ಪೂರ್ತಿ ಇಳಿಸಬೇಕು. ಬಣ್ಣ, ಸೀಲರ್ ಎಲ್ಲ ಕೆರೆದು ತಗಡು ಹೊಳೆಯುವ ಹಾಗೆ ಮಾಡಬೇಕು. ಬಿರುಕು ಎಲ್ಲಿ ಮುಗಿಯುತ್ತದೋ ಆ ತುದಿಗೆ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಬೆಸುಗೆಯ ಆಚೆಗೆ ಅದು ಪುನಃ ಓಡುತ್ತದೆ. ಬಿರುಕನ್ನು ಬೆಸೆದು, ನಾಲ್ಕೂ ಜಾಗಕ್ಕೆ ಅಗಲವಾದ ಪ್ಲೇಟ್ ಕೊಡಬೇಕು. ಪ್ಲೇಟಿನ ಕೆಲಸ ಏನು? ಒಂದು ಬೋಲ್ಟಿನ ಸುತ್ತ ನಾಣ್ಯದಷ್ಟು ಜಾಗಕ್ಕೆ ಬೀಳುತ್ತಿದ್ದ ಎಳೆತವನ್ನು ಅಂಗೈಯಷ್ಟು ಜಾಗಕ್ಕೆ ಹಂಚುವುದು. ಕೆಸರಿನಲ್ಲಿ ಕಾಲು ಹೂತು ಹೋಗದಿರಲಿ ಅಂತ ಹಲಗೆ ಹಾಕಿದ ಹಾಗೆ.

ಕಮಾರೊ ಇರಲಿ, ಬಿಎಂಡಬ್ಲ್ಯೂ ಇರಲಿ, ನಮಗೆ ಕಂಡದ್ದು ಒಂದೇ ನಿಯಮ. ಬೆಸೆದ ಕಬ್ಬಿಣ ಭಾರವನ್ನು ಒಂದು ಗಟ್ಟಿ ಜಾಗದಿಂದ ಇನ್ನೊಂದು ಗಟ್ಟಿ ಜಾಗಕ್ಕೆ ದಾಟಿಸಬೇಕು. ಅದರ ಎರಡೂ ತುದಿಯಲ್ಲಿ ಒಳ್ಳೆಯ ಲೋಹ ಇದ್ದರೆ ಮಾತ್ರ ಅದು ಬಲ. ಇಲ್ಲದಿದ್ದರೆ ಎಷ್ಟು ದಪ್ಪದ ಪ್ಲೇಟ್ ಹಾಕಿದರೂ ಅದು ತೇಪೆ, ಮತ್ತು ನೋಡುವವರ ಕಣ್ಣಿಗೆ ಸುಳ್ಳು ಧೈರ್ಯ.

ಉಪ್ಪುಗಾಳಿಯ ಊರಿನಲ್ಲಿ

ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಜೊತೆಗೆ ಕಡಲಿನ ಉಪ್ಪುಗಾಳಿ, ಒಳರಸ್ತೆಯ ಕೆಂಪು ಕೆಸರು. ಕೆಸರು ಅಡಿಯ ಮೂಲೆಗಳಲ್ಲಿ ಮೆತ್ತಿಕೊಂಡು ತಿಂಗಳುಗಟ್ಟಲೆ ಒದ್ದೆ ಇರುತ್ತದೆ. ರನ್ನಿಂಗ್ ಬೋರ್ಡ್ ಹೊರಗಿನಿಂದ ಒಂದು ಪಟ್ಟಿಯ ಹಾಗೆ ಕಂಡರೂ ಒಳಗೆ ಅದು ಮುಚ್ಚಿದ ಟೊಳ್ಳು ಪೆಟ್ಟಿಗೆ. ನೀರು ಹರಿದು ಹೋಗಲಿ ಅಂತ ಅದರ ಅಡಿಗೆ ಕಂಪನಿಯವರು ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಕೆಸರು ತುಂಬಿ ಅವು ಮುಚ್ಚಿದ ಮೇಲೆ ಪೆಟ್ಟಿಗೆ ಒಳಗಿನಿಂದಲೇ ಕೊಳೆಯುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ಕಾಣುವ ಹೊತ್ತಿಗೆ ಒಳಗಿನ ಕತೆ ಮುಗಿದಿರುತ್ತದೆ.

ಆಗ ಏನಾಗುತ್ತದೆ ಅಂದರೆ ಪೆಟ್ಟಿಗೆಯ ಅಡಿಯ ಅಂಚು ಬಿಟ್ಟುಕೊಳ್ಳುತ್ತದೆ. ಸೀಳಿದ ಪೈಪಿನ ಲೆಕ್ಕ ಈಗ ನೆನಪು ಮಾಡಿಕೊಳ್ಳಿ. ತಗಡಿನಲ್ಲಿ ಮುಕ್ಕಾಲು ಪಾಲು ಇನ್ನೂ ಉಳಿದಿದೆ ಅಂತ ಮಾಲೀಕರಿಗೆ ಸಮಾಧಾನ, ಆದರೆ ತಿರುಚುವಿಕೆಯನ್ನು ತಡೆಯುವ ಶಕ್ತಿ ಅಂಚಿನ ಜೊತೆಗೇ ಹೋಗಿರುತ್ತದೆ. ಅದಕ್ಕೇ "ಸಣ್ಣ ತೂತು ಉಸ್ತಾದ್, ಎಂತ ಆಗುದಿಲ್ಲ" ಅನ್ನುವ ಮಾತನ್ನು ಪೂರ್ತಿ ನಂಬಬಾರದು. ತೂತು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿ ಆಗಿದೆ ಅನ್ನುವುದು ಮುಖ್ಯ. ಕಾಲಿಡುವ ಫ್ಲೋರಿನ ನಡುವೆ ಅಂಗೈಯಗಲ ತೂತಾದರೆ ನೀರು ಬರುತ್ತದೆ, ಅಷ್ಟೇ. ಲೋವರ್ ಆರ್ಮ್ ಕೂರುವ ಜಾಗದಲ್ಲಿ ಕಿರುಬೆರಳಿನಷ್ಟು ಬಿರುಕು ಬಿಟ್ಟರೆ ಓಡುವಾಗಲೇ ಚಕ್ರ ವಾಲಬಹುದು. ಓಮ್ನಿಯಲ್ಲಿ ಹಿಂದಿನ ಲೀಫ್ ಸ್ಪ್ರಿಂಗಿನ ತುದಿ ಬಾಡಿಗೆ ಸೇರುವ ಜಾಗವನ್ನೂ ಹಾಗೆಯೇ ನೋಡಬೇಕು. ಸೀಟ್ ಬೆಲ್ಟಿನ ಬೋಲ್ಟ್ ಇರುವ ತಗಡು ಇನ್ನೊಂದು. ಅದು ಕೊಳೆತಿದ್ದರೆ ಬೆಲ್ಟ್ ಹಾಕಿಯೂ ಪ್ರಯೋಜನ ಇಲ್ಲ.

ಮೀನಿನ ಗಾಡಿಗಳ ಪಾಡು ಎಲ್ಲಕ್ಕಿಂತ ಕಷ್ಟ. ಮಂಗಳೂರು ದಕ್ಕೆಯಿಂದ, ಮಲ್ಪೆಯಿಂದ ಹೊರಟ ಪಿಕಪ್ಪುಗಳಲ್ಲಿ ಐಸ್ ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ಚಾಸಿಯ ಮೇಲೆ ಇಳಿಯುತ್ತದೆ. ಏಣಿ ಚಾಸಿಯಾದರೂ ತೊಲೆಯ ಒಳಗೆ ಪದರ ಪದರವಾಗಿ ತುಕ್ಕು ಏಳುತ್ತದೆ. ಘಾಟಿ ಹತ್ತಿ ಇಳಿಯುವ ಗಾಡಿಗೆ ಇದು ಸಣ್ಣ ವಿಷಯ ಅಲ್ಲ. ಮೀನಿನ ಕಸುಬಿನಲ್ಲಿ ನಮ್ಮ ಸಮುದಾಯದವರೇ ಎಷ್ಟೋ ಮಂದಿ ಇದ್ದಾರೆ, ಅವರು ಈ ಮಾತನ್ನು ನಮಗಿಂತ ಚೆನ್ನಾಗಿ ಬಲ್ಲರು. ಟ್ರಿಪ್ಪಿನ ಗಡಿಬಿಡಿಯಲ್ಲಿ ಅಡಿ ತೊಳೆಯುವುದು ಮಾತ್ರ ನಾಳೆಗೆ ಹೋಗುತ್ತದೆ.

ಒಳ್ಳೆಯ ಕೆಲಸ ಹೇಗಿರುತ್ತದೆ

ಟಿಂಕರಿಂಗಿನಲ್ಲಿ ಕೂದಲು ನರೆತ ಒಬ್ಬ ಕಾಕನ ಹತ್ತಿರ ನಾವು ಒಂದು ಮಧ್ಯಾಹ್ನ ಕೂತಿದ್ದೆವು. ಅವರು ರನ್ನಿಂಗ್ ಬೋರ್ಡಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರು. "ಉಸ್ತಾದ್, ಕಿವಿ ಕೊಡಿ. ಟಣ್ ಅಂದರೆ ತಗಡು, ದಬ್ ಅಂದರೆ ಪುಟ್ಟಿ" ಅಂದರು. ಕೊಳೆತ ಭಾಗವನ್ನು ಒಳ್ಳೆಯ ಲೋಹ ಸಿಗುವ ತನಕ ಕತ್ತರಿಸಿ ತೆಗೆಯುವುದೇ ಅರ್ಧ ಕೆಲಸ ಅನ್ನುವುದು ಅವರ ಮಾತು. ಅದನ್ನು ಕೇಳಿ ಗಿರಾಕಿಗಳು ಹೆದರುತ್ತಾರಂತೆ. ಕತ್ತರಿಸಿದಷ್ಟೂ ಬಿಲ್ಲು ಏರುತ್ತದಲ್ಲ!

ಕಾರಿನ ಬಾಡಿ ತಗಡು ಹೆಚ್ಚಿನ ಕಡೆ ಒಂದು ಮಿಲಿಮೀಟರ್ ಆಸುಪಾಸು, ಕೆಲವೆಡೆ ಅದಕ್ಕೂ ಕಡಿಮೆ. ಗೇಟು, ಗ್ರಿಲ್ಲು ಬೆಸೆಯುವ ಕಡ್ಡಿ ವೆಲ್ಡಿಂಗನ್ನು ಇದಕ್ಕೆ ಹಿಡಿದರೆ ತಗಡು ಸುಟ್ಟು ತೂತಾಗುತ್ತದೆ. ಗ್ಯಾಸ್ ವೆಲ್ಡಿಂಗ್ ಆಗುತ್ತದೆ, ಆದರೆ ಅದರ ಬಿಸಿ ಸುತ್ತ ಹರಡಿ ತಗಡು ಸೊಟ್ಟಗಾಗುತ್ತದೆ. ಗ್ಯಾರೇಜಿನವರು ಸಿಓಟು ಅಂತ ಕರೆಯುವ, ತಂತಿ ತಾನಾಗಿ ಬರುವ ವೆಲ್ಡಿಂಗೇ ಇದಕ್ಕೆ ಸರಿ. ಅದನ್ನೂ ಒಂದೇ ಉಸಿರಿಗೆ ಉದ್ದಕ್ಕೆ ಎಳೆಯಬಾರದು. ಇಲ್ಲಿ ಒಂದಿಂಚು, ಆಚೆ ತುದಿಯಲ್ಲಿ ಒಂದಿಂಚು, ತಣಿಯಲು ಬಿಟ್ಟು ಪುನಃ ನಡುವೆ. ಹಾಕುವ ತುಂಡು ಮೂಲ ತಗಡಿನಷ್ಟೇ ಅಥವಾ ಸ್ವಲ್ಪ ಹೆಚ್ಚು ದಪ್ಪ ಇದ್ದರೆ ಸಾಕು. "ಗಟ್ಟಿ ಇರಲಿ" ಅಂತ ಮೂರು ಮಿಲಿಮೀಟರಿನ ಪ್ಲೇಟ್ ಹೊಡೆದರೆ ಪ್ಲೇಟು ಜಗ್ಗುವುದಿಲ್ಲ, ಪಕ್ಕದ ತೆಳು ತಗಡು ಜಗ್ಗುತ್ತದೆ, ಅಂಚಿನಲ್ಲಿ ಹೊಸ ಬಿರುಕು ಹುಟ್ಟುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇದೇ.

ಕಿಡಿ ಹಾರಿಸುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಬೇಕು, ಇಲ್ಲದಿದ್ದರೆ ಕಾರಿನ ಕಂಪ್ಯೂಟರಿಗೆ ಏಟು. ಪೆಟ್ರೋಲ್ ಟ್ಯಾಂಕ್, ಪೈಪ್ ಹತ್ತಿರ ಇದ್ದರೆ ಇಳಿಸಬೇಕು. ಖಾಲಿ ಟ್ಯಾಂಕ್ ಅಂತ ಧೈರ್ಯ ಬೇಡ, ಪೆಟ್ರೋಲಿಗಿಂತ ಅದರ ಆವಿಯೇ ಹೆಚ್ಚು ಅಪಾಯ. ಸೀಟು, ಮ್ಯಾಟು, ಒಳಗಿನ ಸ್ಪಂಜು ತೆಗೆದು, ಪಕ್ಕದಲ್ಲಿ ನೀರು, ಮರಳು ಇಟ್ಟುಕೊಂಡೇ ಕೂರಬೇಕು. ಬೆಸುಗೆ ಆದ ಮೇಲೆ ಪ್ರೈಮರ್, ಸಂದಿಗೆ ಸೀಲರ್, ಟೊಳ್ಳಿನ ಒಳಗೆ ಮೇಣದಂಥ ಸ್ಪ್ರೇ. ಬೆಸುಗೆ ಬಿದ್ದ ಜಾಗದಲ್ಲಿ ಒಳಗಿನ ಬಣ್ಣ ಸುಟ್ಟು ಹೋಗಿರುತ್ತದೆ, ಅಲ್ಲಿಂದಲೇ ತುಕ್ಕು ಮೊದಲು ಏಳುತ್ತದೆ. ಇದನ್ನು ಮಾಡದೆ ಹೊರಗಿನಿಂದ ಕಪ್ಪು ಅಂಡರ್‌ಕೋಟ್ ಹೊಡೆದು ಕಳಿಸಿದ ರಿಪೇರಿ ಎರಡು ಮಳೆಗಾಲ ನೋಡಿದರೆ ಹೆಚ್ಚು.

ಈ ಗ್ಯಾರೇಜುಗಳಲ್ಲಿ ದುಡಿಯುವುದು ನಮ್ಮವೇ ಮನೆಯ ಹುಡುಗರು ಅನ್ನುವುದನ್ನೂ ಹೇಳಬೇಕು. ಕಪ್ಪು ಗಾಜು ಇಲ್ಲದೆ, ಕೈ ಅಡ್ಡ ಹಿಡಿದು ಬೆಸೆಯುವವರನ್ನು ನಾವು ಕಣ್ಣಾರೆ ನೋಡಿದ್ದೇವೆ. ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ ಬಂದಾಗ ಮನೆಯವರು ಹಾಲು ಹಾಕುತ್ತಾರೆ, ಬೆಳಿಗ್ಗೆ ಪುನಃ ಅದೇ ಕೆಲಸ. ಸತುವಿನ ಲೇಪ ಇರುವ ತಗಡು ಬೆಸೆದ ದಿನ ಸಂಜೆಗೆ ಚಳಿಜ್ವರ ಬರುವುದುಂಟು, ಅದು ಮಳೆಯ ಜ್ವರ ಅಲ್ಲ, ಸತುವಿನ ಹೊಗೆಯದ್ದು. ಒಂದು ಒಳ್ಳೆಯ ಮುಖಕವಚ, ಗಾಳಿಯಾಡುವ ಜಾಗ, ಲೇಪ ಕೆರೆದು ಬೆಸೆಯುವ ಅಭ್ಯಾಸ, ಇಷ್ಟನ್ನು ಮಾಲೀಕರು ಮಾಡಿಸಬೇಕು. ಉಮ್ಮಂದಿರೂ ಮನೆಗೆ ಬಂದ ಮಗನ ಹತ್ತಿರ ಸಂಬಳದ ಜೊತೆ ಇದನ್ನೂ ಕೇಳಲಿ.

ಹೊಸ ಕಾರಿಗೆ ಬೇಡ

ಹುಡುಗರ ಪ್ರಶ್ನೆಗೆ ಬರೋಣ. ಹೊಸ ಕಾರಿಗೆ ಅಡಿ ಪೈಪ್ ಕೊಟ್ಟರೆ ಒಳ್ಳೆಯದಾ? ನಮ್ಮ ಅಭಿಪ್ರಾಯ, ಬೇಡ. ಈಗಿನ ಕಾರುಗಳ ಕಂಬ, ರನ್ನಿಂಗ್ ಬೋರ್ಡಿನ ಒಳಪಟ್ಟಿ ಮುಂತಾದವುಗಳಲ್ಲಿ ಶಾಖ ಕೊಟ್ಟು ಹದ ಮಾಡಿದ ಅತಿ ಗಟ್ಟಿ ಉಕ್ಕು ಇರುತ್ತದೆ. ಅದಕ್ಕೆ ಬಿಸಿ ತಾಗಿದರೆ ಹದ ಕೆಡುತ್ತದೆ, ನೋಡಲು ಹಾಗೆಯೇ ಇದ್ದರೂ ಬಲ ಇಳಿದಿರುತ್ತದೆ. ಮೇಲಾಗಿ ಕಾರಿನ ಮುಂಭಾಗವನ್ನು ಮುದುಡಲಿ ಅಂತಲೇ ಮಾಡಿರುತ್ತಾರೆ. ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೆನ್ಯಿ ಎಂಬವರು 1950ರ ದಶಕದಲ್ಲಿ ತಂದ ವಿಚಾರ ಇದು. ನಡುವಿನ ಪೆಟ್ಟಿಗೆ ಗಟ್ಟಿ, ಮುಂದೆ ಹಿಂದೆ ಮೆದು. ಡಿಕ್ಕಿಯಾದಾಗ ಏಟನ್ನು ತಗಡು ಮುದುಡಿ ತಿನ್ನುತ್ತದೆ, ಒಳಗೆ ಕೂತವರಿಗೆ ಉಳಿದದ್ದು ಮಾತ್ರ ತಾಗುತ್ತದೆ. ಮುಂದಿನ ತೊಲೆಗೆ ಪ್ಲೇಟ್ ಬೆಸೆದು ಮುದುಡದ ಹಾಗೆ ಮಾಡಿದರೆ ಆ ಏಟು ಎಲ್ಲಿಗೆ ಹೋಗಬೇಕು? ಕಾರಿನ ಮುಂದೆ ಕಟ್ಟುತ್ತಿದ್ದ ಕಬ್ಬಿಣದ ಬುಲ್ ಗಾರ್ಡಿನ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಹೇಳಿದ್ದು ಸುಮ್ಮನೆ ಅಲ್ಲ.

ಕಾನೂನೂ ಉಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಿತು. ಕೊಳೆತ ತಗಡನ್ನು ಮೊದಲಿನ ಹಾಗೆ ಮಾಡುವುದು ರಿಪೇರಿ, ಇಲ್ಲದ್ದನ್ನು ಸೇರಿಸುವುದು ಬದಲಾವಣೆ. ಎರಡನೆಯದಕ್ಕೆ ಇಳಿಯುವವರು ಮೊದಲು ಆರ್‌ಟಿಓದಲ್ಲಿ ಕೇಳಲಿ, ವಿಮೆಯವರಿಗೂ ಬರೆದು ತಿಳಿಸಲಿ. ಇನ್ನೊಂದು ಮಾತು, ಚಾಸಿ ನಂಬರ್ ಕೊರೆದಿರುವ ತಗಡನ್ನು ಯಾವ ಕಾರಣಕ್ಕೂ ಕತ್ತರಿಸಲು ಬಿಡಬೇಡಿ. ಅದು ಹೋದರೆ ಗಾಡಿ ನಿಮ್ಮದು ಅಂತ ತೋರಿಸುವುದೇ ಕಷ್ಟ.

ಮಾರುವಾಗ, ಕೊಳ್ಳುವಾಗ

ಬೆಸೆದ ಗಾಡಿ ಅಂದ ಮಾತ್ರಕ್ಕೆ ಕೆಟ್ಟ ಗಾಡಿ ಅಲ್ಲ. ಸರಿಯಾಗಿ ಮಾಡಿದ್ದು ಇನ್ನೂ ಹಲವು ವರ್ಷ ಓಡುತ್ತದೆ. ತೊಂದರೆ ಇರುವುದು ಮುಚ್ಚಿಡುವುದರಲ್ಲಿ. ಕೊಳ್ಳುವವರು ಹಗಲಿನಲ್ಲೇ, ಗಾಡಿ ಎತ್ತಿಸಿ, ಟಾರ್ಚ್ ಹಿಡಿದು ನೋಡಬೇಕು. ಹತ್ತು ಹದಿನೈದು ವರ್ಷದ ಕಾರಿನ ಅಡಿಗೆ ನಿನ್ನೆ ಹೊಡೆದ ಹಾಗೆ ಕಪ್ಪು ಬಣ್ಣ ಹೊಳೆಯುತ್ತಿದ್ದರೆ ಯಾಕೆ ಅಂತ ಕೇಳಬೇಕು. ಒಂದು ಸಣ್ಣ ಅಯಸ್ಕಾಂತ ಕಿಸೆಯಲ್ಲಿರಲಿ, ಪುಟ್ಟಿ ತುಂಬಿದ ಕಡೆ ಅದು ಅಂಟುವುದಿಲ್ಲ. ಕಂಪನಿಯ ಚುಕ್ಕಿ ವೆಲ್ಡಿಂಗ್ ಸಾಲಾಗಿ, ಸಮ ದೂರದಲ್ಲಿ ಗುಳಿಗಳ ಹಾಗೆ ಕಾಣುತ್ತದೆ. ಆ ಸಾಲು ನಡುವೆ ನಿಂತು ಗಂಟುಗಂಟಾದ ಬೆಸುಗೆ ಶುರುವಾದರೆ ಅಲ್ಲಿ ಕೈ ಆಡಿದೆ. ಡಿಕ್ಕಿಯ ಮ್ಯಾಟು ಎತ್ತಿ, ಬಾಗಿಲಿನ ರಬ್ಬರ್ ಸ್ವಲ್ಪ ಎಳೆದು ನೋಡಿ. ಮಾರುವವರು ಅಡಿ ತೋರಿಸಲು ಒಪ್ಪದಿದ್ದರೆ ಬೇರೆ ಗಾಡಿ ಹುಡುಕಿ.

ಮಾರುವವರಿಗೆ ಹೇಳುವುದು ಹೊಸತೇನಲ್ಲ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು (ಸ) ಕೈ ಹಾಕಿ, ಅಡಿಯ ಒದ್ದೆಯನ್ನು ಮೇಲಕ್ಕೆ ಇಡಲಿಲ್ಲ ಯಾಕೆ ಅಂತ ವ್ಯಾಪಾರಿಯನ್ನು ಕೇಳಿದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಅಂಡರ್‌ಕೋಟಿನ ಅಡಿಯ ತುಕ್ಕೂ ಅದೇ ಒದ್ದೆ ಧಾನ್ಯ. ಮುಚ್ಚಿಟ್ಟ ದೋಷ ಕಂಡಾಗ ಸರಕು ಹಿಂತಿರುಗಿಸುವ ಹಕ್ಕನ್ನು ಫಿಕ್ಹ್ ಕಿತಾಬುಗಳು ಕೊಳ್ಳುವವರಿಗೆ ಕೊಟ್ಟಿವೆ. "ಇದ್ದ ಹಾಗೆ ಮಾರಿದ್ದು" ಅಂತ ಒಂದು ಮಾತು ಹೇಳಿ ಗೊತ್ತಿದ್ದ ದೋಷವನ್ನು ದಾಟಿಸುವುದು ಸರಿಯಲ್ಲ. ರಿಪೇರಿಯ ಬಿಲ್ಲು, ಕತ್ತರಿಸಿದಾಗ ಮೊಬೈಲಿನಲ್ಲಿ ತೆಗೆದ ಫೋಟೋ ಇಟ್ಟುಕೊಂಡವರಿಗೆ ಮಾರುವಾಗ ಮಾತನಾಡುವುದೂ ಸುಲಭ. ಒಳ್ಳೆಯ ಕೆಲಸ ಮಾಡಿಸಿದವರಿಗೆ ತೋರಿಸಲು ಹೆದರಿಕೆ ಯಾಕೆ?

ಮಕ್ಕಳನ್ನು ಕರೆತರುವ ವ್ಯಾನಿನ ವಿಷಯ ಬೇರೆಯೇ ತೂಕದ್ದು. ಬಾಡಿಗೆ ಓಡುವ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು, ಖಾಸಗಿ ಕಾರಿಗೆ ಹದಿನೈದು ವರ್ಷಕ್ಕೆ. ಆದರೆ ಎಫ್‌ಸಿ ಆದ ದಿನದಿಂದ ಮುಂದಿನ ಎಫ್‌ಸಿ ತನಕ ಒಂದು ಪೂರ್ತಿ ಮಳೆಗಾಲ ಉಂಟು. ಡ್ರೈವರ್ ಕಾಕಂದಿರು ಹೆಚ್ಚಿನವರು ಪಾಪ, ಸಾಲ ಮಾಡಿ ಗಾಡಿ ಓಡಿಸುವವರು. ಪಾಲಕರು ತಿಂಗಳ ಬಾಡಿಗೆಯಲ್ಲಿ ಹತ್ತು ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುವ ಬದಲು, ಮಳೆಗೆ ಮುಂಚೆ ಎಲ್ಲರೂ ಸೇರಿ ಆ ವ್ಯಾನನ್ನು ಒಮ್ಮೆ ಎತ್ತಿಸಿ ನೋಡುವ ಖರ್ಚು ಹಾಕಿಕೊಂಡರೆ ಯಾರಿಗೂ ಭಾರ ಆಗುವುದಿಲ್ಲ. ಲೋವರ್ ಆರ್ಮಿನ ಜಾಗ, ಸ್ಪ್ರಿಂಗಿನ ಜಾಗ, ಎರಡೂ ಬದಿಯ ರನ್ನಿಂಗ್ ಬೋರ್ಡ್, ಇವು ಒಟ್ಟಿಗೇ ಹೋಗಿದ್ದರೆ ಆ ಗಾಡಿಗೆ ವೆಲ್ಡಿಂಗ್ ಮಾಡಿಸುವುದು ದುಡ್ಡು ನೀರಿಗೆ ಹಾಕಿದ ಹಾಗೆ. ಗುಜರಿಗೆ ಕೊಡುವುದೇ ಸರಿ.

ಉಳಿದವರು ಮೇ ತಿಂಗಳಲ್ಲಿ ಒಂದು ತುಂಡು ತಂತಿ ತೆಗೆದುಕೊಂಡು ಬಾಗಿಲಿನ ಅಡಿಯ, ರನ್ನಿಂಗ್ ಬೋರ್ಡಿನ ಅಡಿಯ ತೂತುಗಳನ್ನು ಚುಚ್ಚಿ ಕೆಸರು ತೆಗೆಯಿರಿ. ಪಣಂಬೂರಿಗೋ ಉಳ್ಳಾಲಕ್ಕೋ ಹೋಗಿ ಮರಳಿನಲ್ಲಿ ಗಾಡಿ ಇಳಿಸಿದ್ದರೆ, ದಕ್ಕೆಗೆ ಹೋಗಿ ಬಂದಿದ್ದರೆ, ಅದೇ ದಿನ ಸಂಜೆ ಬಾವಿಯ ಸಿಹಿನೀರು ಪೈಪಿನಲ್ಲಿ ಬಿಟ್ಟು ಅಡಿಯನ್ನು ತೊಳೆಯಿರಿ. ಮೇಲಿನ ಪಾಲಿಶ್ ಇನ್ನೊಂದು ದಿನ ಆದರೂ ನಡೆಯುತ್ತದೆ.